ದೊಡ್ಡಪ್ಪನ ಬಟ್ಟೆ ವಿಮಾನ

ನಮ್ಮ ಮನೆಯಲ್ಲಿ ವಿಮಾನ ಅಂದರೆ ಟೈಗರ್ ಮಾತ್ ಒಂದೇ. ಉಳಿದವೆಲ್ಲ ದೊಡ್ಡಪ್ಪನ ಲೆಕ್ಕದಲ್ಲಿ ಬರೀ ಡಬ್ಬಗಳು. ಹಿರಿಯೂರಿನಲ್ಲಿ ನೇಗಿಲು, ಗಾಡಿ ಮೂಕಿ ಕೆತ್ತಿಕೊಂಡಿದ್ದ ಅವರು, ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಬೆಂಗಳೂರಿಗೆ ಹೋಗಿ ಎಚ್ಎಎಲ್ ಸೇರಿದ್ದರು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರವನ್ನು ಜೊತೆ ಮಾಡಿಕೊಂಡು 1940ರ ಡಿಸೆಂಬರಿನಲ್ಲಿ ಕಟ್ಟಿದ ಕಾರ್ಖಾನೆ ಅದು. "ಮರದ ಕೆಲಸ ಬರುತ್ತಾ ಅಂತ ಕೇಳಿದ್ರು, ಬರುತ್ತೆ ಅಂದೆ. ವಿಮಾನಕ್ಕೆ ಯಾತರ ಮರ ಅಂತ ನಾನೂ ಕೇಳಲಿಲ್ಲ" ಎಂದು ನಗುತ್ತಿದ್ದರು.

ಟೈಗರ್ ಮಾತ್‌ನಲ್ಲಿ ಮರವೇ ಇತ್ತು, ಬಟ್ಟೆಯೂ ಇತ್ತು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಅವನ್ನು ಬಿಗಿದು ಹಿಡಿದ ಕಂಬ, ತಂತಿ. ರೆಕ್ಕೆಯ ಅಸ್ಥಿಯೆಲ್ಲ ಸ್ಪ್ರೂಸ್ ಮರ, ಮೇಲೆ ಬಟ್ಟೆಯ ಹೊದಿಕೆ. ಎಂಜಿನ್ ಬರೀ 130 ಅಶ್ವಶಕ್ತಿಯದು. 1931ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ ಇದು ಯುದ್ಧಕಾಲದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಪೈಲಟ್ ಹುಡುಗರಿಗೆ ಮೊದಲ ಪಾಠದ ಹಲಗೆಯಾಯಿತು. ನಮ್ಮಲ್ಲಿ ಹೈದರಾಬಾದಿನ ಬೇಗಂಪೇಟೆ, ಆಚೆ ಜೋಧಪುರದ ಶಾಲೆಗಳಲ್ಲಿ ವಾಯುಪಡೆಯ ಹುಡುಗರು ಕಲಿತದ್ದೂ ಇದರಲ್ಲೇ. ಮುಂದೆ ಮೇಷ್ಟ್ರು, ಹಿಂದೆ ಶಿಷ್ಯ. ತಲೆಯ ಮೇಲೆ ಸೂರಿಲ್ಲ. ಮಾತು ಒಂದು ಕೊಳವೆಯೊಳಗಿಂದ ಹೋಗಿ ಕಿವಿಗೆ ಮುಟ್ಟಬೇಕು. ಬ್ರೇಕೂ ಇಲ್ಲ, ಚಾಲೂ ಮಾಡಲು ಬ್ಯಾಟರಿಯೂ ಇಲ್ಲ. ನೆಲದ ಮೇಲೆ ನಿಂತವನು ಪ್ರೊಪೆಲ್ಲರನ್ನು ಕೈಯಲ್ಲಿ ತಿರುವಿ ಛಂಗನೆ ಹಿಂದಕ್ಕೆ ಸರಿಯಬೇಕು. ಆ ಸರಿಯುವುದನ್ನು ದೊಡ್ಡಪ್ಪ ಪಡಸಾಲೆಯಲ್ಲಿ ಮಾಡಿ ತೋರಿಸುವಾಗ ಪಂಚೆ ಬಿಚ್ಚಿಹೋಗಿ ದೊಡ್ಡಮ್ಮ ಮುಖ ತಿರುಗಿಸಿದ್ದುಂಟು.

ತೇರುಮಲ್ಲೇಶ್ವರನ ಜಾತ್ರೆಗೂ ಬೇಸಿಗೆ ರಜೆಗೂ ಅವರು ಮಕ್ಕಳನ್ನು ಕರಕೊಂಡು ಊರಿಗೆ ಬರುತ್ತಿದ್ದರು. ಅವರ ಮಗ, ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ, ಮತ್ತು ನಾನು ಅವರ ಶಿಷ್ಯರು. ಒಂದು ಮಧ್ಯಾಹ್ನ ಹಳೇ ಮಂಚದ ಚೌಕಟ್ಟಿಗೆ ಅಜ್ಜಿಯ ದುಪ್ಪಟಿಯನ್ನು ಎರಡೂ ಬದಿಗೆ ಹೊದಿಸಿ, ಗೋಡೆಗೆ ಆನಿಸಿ ನಿಲ್ಲಿಸಿದರು. ಕಡಲೇಕಾಯಿ ಚೀಲ ಹೊಲಿಯುವ ದಬ್ಬಣ, ಮೇಣ ತಿಕ್ಕಿದ ಹುರಿ. "ಆ ಕಡೆ ನೀನು, ಈ ಕಡೆ ಇವನು. ಚುಚ್ಚಿ ತಳ್ಳು. ಅವನು ಎಳಕೊಂಡು ಪಟ್ಟಿ ಬಳಸಿ ವಾಪಸ್ ತಳ್ತಾನೆ. ಗಂಟು ಹಾಕದೆ ಬಿಟ್ರೆ ಗಾಳೀಲಿ ಬಟ್ಟೆ ಎದ್ದುಬಿಡುತ್ತೆ ಕಣ್ರೋ, ಮೇಲಿರೋ ಹುಡುಗನ ಗತಿ ಏನು?" ನಿಜವಾದ ರೆಕ್ಕೆಯನ್ನೂ ಹೀಗೇ ಇಬ್ಬರು ಆಚೀಚೆ ಕೂತು ಹೊಲಿಯುತ್ತಿದ್ದರಂತೆ. ಆಮೇಲೆ ಡೋಪ್ ಎಂಬ ದ್ರಾವಣ ಬಳಿದರೆ ಬಟ್ಟೆ ಬಿಗಿದುಕೊಂಡು, ಬೆಂಕಿಗೆ ಹಿಡಿದ ತಮಟೆಯ ಹಾಗೆ ಬೆರಳಿಗೆ ಸದ್ದು ಕೊಡುತ್ತಿತ್ತು. ಬಳಿದೂ ಬಳಿದೂ ಸಂಜೆಗೆ ತಲೆ ಸಿಡಿಯುತ್ತಿತ್ತಂತೆ. ನಮ್ಮ ಬಳಿ ಡೋಪ್ ಇರಲಿಲ್ಲ, ಗಂಜಿ ಬಳಿದೆವು. ದುಪ್ಪಟಿ ಹಾಳಾಯಿತು. ಅಜ್ಜಿ ಬೈದದ್ದು ದೊಡ್ಡಪ್ಪನನ್ನು.

ಅವರು ಹೆಚ್ಚು ಹೇಳದ ಸಂಗತಿಯೂ ಒಂದಿತ್ತು. ರಿಪೇರಿಗೆ ಬಂದ ಒಂದು ಕೆಳರೆಕ್ಕೆಯ ಬಟ್ಟೆ ಸುಲಿದಾಗ ಒಳಗೆ ಒಣಗಿದ ಕೆಮ್ಮಣ್ಣು, ಅದರ ಜೊತೆಗೊಂದು ಜೋಳದ ದಂಟು ಸಿಕ್ಕಿತಂತೆ. ಯಾವ ಊರಿನ ಹೊಲವೋ. ಮರದ ಪಟ್ಟಿಗಳೆಲ್ಲ ಸೀಳಿದ್ದವು. "ನಿಧಾನಕ್ಕೆ ಹಾರೋ ಗಾಡಿ, ಎಷ್ಟೋ ಸಲ ಹುಡುಗರು ಮಣ್ಣು ಕೊಡವಿಕೊಂಡು ಎದ್ದು ಬರೋರು" ಎನ್ನುತ್ತಿದ್ದರು. ಆ ಹುಡುಗ ಎದ್ದು ಬಂದನೇ ಎಂದು ಅಣ್ಣ ಕೇಳಿದರೆ, "ನಮಗೆ ರೆಕ್ಕೆ ಬರೋದು ಕಣೋ, ಸುದ್ದಿ ಬರ್ತಿರಲಿಲ್ಲ" ಅಂದು ಎದ್ದು ಎಲೆ ಅಡಿಕೆ ಹುಡುಕಿದರು.

ಈ ವಿಮಾನದ ಕಾಲವನ್ನು ಮುಗಿಸಿದ್ದು ಅಪಘಾತಗಳಲ್ಲ, ದೊಡ್ಡಪ್ಪನ ಕಾರ್ಖಾನೆಯೇ. ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2, 1951ರ ಆಗಸ್ಟಿನಲ್ಲಿ ಬೆಂಗಳೂರಿನ ಮೇಲೆ ಹಾರಿತು. ಒಂದೇ ಜೊತೆ ರೆಕ್ಕೆ, ಲೋಹದ ಮೈ, ನಮ್ಮವರೇ ವಿನ್ಯಾಸ ಮಾಡಿದ ತರಬೇತಿ ವಿಮಾನ. 150ಕ್ಕೂ ಮಿಕ್ಕಿ ತಯಾರಾದವು, ಕೆಲವು ಘಾನಾ ದೇಶಕ್ಕೂ ಹೋದವು. ವಾಯುಪಡೆಯ ಶಾಲೆಗಳಿಗೆ ಇದು ಬಂದಂತೆ ಟೈಗರ್ ಮಾತ್‌ಗಳು ಹಿಂದಕ್ಕೆ ಸರಿದವು, ಹಲವು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಮುಪ್ಪು ಕಳೆದವು. ದೊಡ್ಡಪ್ಪನ ಕೈಯಿಂದ ಉಳಿ ಕಸಿದು ರಿವೆಟ್ ಗನ್ ಕೊಟ್ಟರು. ಹೊಸ ವಿಮಾನದ ಬಗ್ಗೆ ಅವರಿಗೆ ಹೆಮ್ಮೆ ಬೇಕಾದಷ್ಟಿತ್ತು. ಎಚ್‌ಟಿ-2 ಹಾರಿದ ದಿನ ಶೆಡ್ಡಿನವರೆಲ್ಲ ಹೊರಗೆ ಬಂದು ಕತ್ತೆತ್ತಿ ನಿಂತದ್ದನ್ನು ಮದುವೆಯ ಕಥೆಗಿಂತ ಚೆನ್ನಾಗಿ ಹೇಳುತ್ತಿದ್ದರು. ಆದರೆ ಪ್ರೀತಿ ಮಾತ್ರ ಹಳೆಯದರ ಮೇಲೆಯೇ. ಹೆಮ್ಮೆ ಒಂದರ ಮೇಲೆ, ಪ್ರೀತಿ ಇನ್ನೊಂದರ ಮೇಲೆ ಇರುವುದು ಅವರಿಗೆ ಏನೂ ತೊಡಕೆನಿಸಿರಲಿಲ್ಲ. ನನಗೂ ಈಗ ಅನಿಸುವುದಿಲ್ಲ.

2012ರ ವಾಯುಪಡೆ ದಿನದಂದು ಹಿಂಡನ್ ವಾಯುನೆಲೆಯಲ್ಲಿ ಟೈಗರ್ ಮಾತ್ ಒಂದು ಮತ್ತೆ ಹಾರಿತು. ಅದನ್ನು ಸರಿಮಾಡಿಸಿಕೊಂಡು ಬಂದದ್ದು ಇಂಗ್ಲೆಂಡಿನಿಂದ. ಅಷ್ಟು ಹೊತ್ತಿಗೆ ದೊಡ್ಡಪ್ಪ ಇರಲಿಲ್ಲ, ಇದ್ದಿದ್ದರೆ ಇಂಗ್ಲೆಂಡಿನ ಹೊಲಿಗೆಯಲ್ಲಿ ಒಂದು ತಪ್ಪನ್ನಾದರೂ ಟಿವಿಯಲ್ಲೇ ಹುಡುಕಿರುತ್ತಿದ್ದರು.

2023ರ ಆಗಸ್ಟಿನಲ್ಲಿ, ಚಳ್ಳಕೆರೆ ಕಡೆಯ ಪರೀಕ್ಷಾ ವಲಯದಿಂದ ಹಾರಿಸಿದ್ದ ಡಿಆರ್‌ಡಿಒದ ತಪಸ್ ಡ್ರೋನ್ ನಮ್ಮ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಒಳಗೆ ಯಾರೂ ಕೂರುವ ವಿಮಾನವಲ್ಲ ಅದು. ಊರ ಜನ ಸುತ್ತ ನೆರೆದರು. ಬೆಂಗಳೂರಿನಿಂದ ಅಣ್ಣನ ಫೋನು ಬಂತು.

"ಲೇ, ನಮ್ಮ ಹೊಲದ ಕಡೇಗೇ ಬಿತ್ತಂತಲ್ಲೋ. ಅಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಅಲ್ಲಿರೋನು."

"ಹತ್ರ ಬಿಡ್ತಿರಲಿಲ್ಲ ಕಣಣ್ಣ, ಪೊಲೀಸ್ರು ಇರ್ತಾರೆ."

"ನಾನು ಎಚ್ಎಎಲ್ ರಿಟೈರ್ಡು ಅಂತ ಹೇಳಿ ಒಳಗೆ ಹೋಗೋನು. ಹೋಗಿ ರೆಕ್ಕೆ ಬಡಿದು ನೋಡಿ, ಇದೆಂಥದ್ರೀ ಹೊಲಿಗೇನೇ ಇಲ್ಲ ಅನ್ನೋನು."