ಓದಬ್ಯಾಡ, ಬರೀ ಮುಟ್ಟಿಸು

ಕಳೆದ ವಾರ ಔರಾದಿನಿಂದ ತೇಜಸ್ವಿಯವರ ‘ಕರ್ವಾಲೊ’ ವಾಪಸು ಬಂತು. ರಟ್ಟಿನ ಮೂಲೆಯಲ್ಲಿ ಅರಿಸಿನದ ಬೆರಳಚ್ಚು, ನಡುವೆ ನೋಟ್‌ಬುಕ್ಕಿನಿಂದ ಹರಿದ ಚೀಟಿ: ‘ಕಾಕಾ, ಇಂಥಾದೇ ಇನ್ನೊಂದು ಕಳಸ್ರಿ. ಆದ್ರ ಇದರಂಗ ಇರಬಾರ್ದು.’ ಏಳನೇ ಕ್ಲಾಸಿನ ಹುಡುಗಿಯ ಅಕ್ಷರ. ನನಗಾದ ಖುಷಿಯನ್ನು ಮನೆಯವರಿಗೆ ವಿವರಿಸಲು ಹೋಗಿ ಚಹಾ ಆರಿತು. ಮಕ್ಕಳಿಗೆ ಕಾದಂಬರಿ ಹಚ್ಚುವ ಚಟ ಇದ್ದವರಿಗೆ ಮಾತ್ರ ಇದು ತಿಳಿದೀತು. ‘ಛಲೋ ಅದ ರೀ’ ಎಂದು ಪುಸ್ತಕ ತಂದುಕೊಡುವ ಹುಡುಗ ಅದನ್ನು ಓದಿಲ್ಲವೆಂದೇ ತಿಳಿಯಬೇಕು. ಇದೇ ಬೇಕು, ಇದು ಬೇಡ ಎಂದು ತಕರಾರು ತೆಗೆಯುವವರೇ ಖರೇ ಓದುಗರು.

ಈಗ ಫಜೀತಿ ನನ್ನದು. ಅವಳಿಗೆ ಬೇಕಾದ ‘ಇಂಥಾದು’ ಯಾವುದು? ಹಾರುವ ಓತಿಯೋ, ಮಂದಣ್ಣನ ಮದುವೆಯ ಹುಚ್ಚೋ, ಬಿರಿಯಾನಿ ಕರಿಯಪ್ಪನೋ? ಕಿವಿ ಎಂಬ ನಾಯಿಗೆ ಮನಸೋತಿದ್ದರೆ ‘ಪರಿಸರದ ಕತೆ’ ಇದ್ದೇ ಇದೆ. ಕಾಡು ಹಿಡಿಸಿದ್ದರೆ ತೇಜಸ್ವಿಯವರೇ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ‘ಕಾಡಿನ ಕತೆಗಳು’ ಕೊಡಬಹುದು. ಹೀಗೆ ಗೊಂದಲವಾದಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ‘ಯಾವ ಪಾತ್ರ ಇಷ್ಟವಾಯಿತು’ ಎಂದಲ್ಲ. ಅದಕ್ಕೆ ನಮ್ಮ ಮಕ್ಕಳು ನಾಲ್ಕು ಅಂಕದ ಉತ್ತರ ಕೊಡುತ್ತಾರೆ. ‘ಯಾರ ಮ್ಯಾಲ ಸಿಟ್ಟು ಬಂತು?’ ಎಂದು ಕೇಳಬೇಕು. ಸಿಟ್ಟಿಗೆ ಗೈಡಿನಲ್ಲಿ ಮಾದರಿ ಉತ್ತರ ಇರುವುದಿಲ್ಲ. ಫೋನಿನಲ್ಲಿ ಕೇಳಿದೆ. ಹುಡುಗಿ ಅರೆಗಳಿಗೆಯೂ ಯೋಚಿಸಲಿಲ್ಲ: ‘ಬರದವರ ಮ್ಯಾಲೇ ರೀ. ಅಷ್ಟು ದೂರ ಗುಡ್ಡ ಹತ್ತಿಸಿ ಕಡೀಗಿ ಓತಿ ಕೈಗೆ ಸಿಗಂಗಿಲ್ಲ ಅಂದ್ರ ಹ್ಯಾಂಗ್ರಿ ಕಾಕಾ?’

ರೋಗ ಗೊತ್ತಾಯಿತು. ಇವಳಿಗೆ ಹೊರಟವರು ಮುಟ್ಟಬೇಕು. ಹಾಗಿದ್ದರೆ ‘ಮಹಾಪಲಾಯನ’. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡವರು ಮರುಭೂಮಿ ದಾಟಿ, ಹಿಮಾಲಯ ದಾಟಿ ಭಾರತಕ್ಕೆ ಬರುವ ಕತೆ. ಎಲ್ಲರೂ ಮುಟ್ಟುವುದಿಲ್ಲ, ಆದರೆ ಮುಟ್ಟುತ್ತಾರೆ. ಮೂಲ ಬರೆದ ಸ್ಲಾವೊಮಿರ್ ರಾವಿಚ್ ನಿಜಕ್ಕೂ ನಡೆದನೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದು ಕಾದಂಬರಿಯೇ ಅಲ್ಲ ಎನ್ನುವವರೂ ಉಂಟು. ‘ತೊತ್ತೋಚಾನ್’ ಬಗ್ಗೆಯೂ ಒಬ್ಬ ಪಂಡಿತರು ನನ್ನನ್ನು ತಿದ್ದಿದ್ದರು: ಅದು ಆತ್ಮಕಥನ, ಕಾದಂಬರಿಗಳ ಸಾಲಿನಲ್ಲಿ ಇಡಬಾರದು. ರೈಲು ಡಬ್ಬಿಯಲ್ಲಿ ಶಾಲೆ ನಡೆಯುತ್ತದೆ, ಮೊದಲ ದಿನವೇ ಹೆಡ್‌ಮಾಸ್ತರರು ಕೂತು ನಾಲ್ಕು ತಾಸು ಹುಡುಗಿಯ ಮಾತು ಕೇಳುತ್ತಾರೆ ಎಂದರೆ ನಮ್ಮ ಮಕ್ಕಳು ಅದನ್ನು ಶುದ್ಧ ಕಲ್ಪನೆ ಎಂದೇ ಓದುತ್ತಾರೆ. ಪಂಡಿತರೇ ನಂಬಿಸಿ ನೋಡಲಿ.

ಇಷ್ಟರಲ್ಲಿ ಗೊತ್ತಾಗಿರಬೇಕು, ನಾನು ಕನ್ನಡದ ಮಾಸ್ತರನಲ್ಲ. ಔರಾದ, ಭಾಲ್ಕಿ ಕಡೆ ಗಣಿತ ಕಲಿಸಿ ನಿವೃತ್ತನಾಗಿ ಬೀದರದಲ್ಲಿ ಕೂತವನು. ಗಣಿತದವನು ಕೊಟ್ಟ ಕಾದಂಬರಿಯ ಹಿಂದೆ ಪರೀಕ್ಷೆ ಇರುವುದಿಲ್ಲ ಎಂಬ ಭರವಸೆ ಮಕ್ಕಳಿಗೆ. ಈ ಧಂದೆಯಲ್ಲಿ ಅದೇ ನನ್ನ ಬಂಡವಾಳ.

ಆದರೂ ಕೈಗೆ ಕೊಟ್ಟ ಪುಸ್ತಕ ಮೂಲೆ ಸೇರುವುದೇ ಹೆಚ್ಚು. ಅದಕ್ಕಾಗಿ ಒಂದು ಯುಕ್ತಿ ಇಟ್ಟುಕೊಂಡಿದ್ದೇನೆ. ಓದಬೇಕಾದವನಿಗೆ ಪುಸ್ತಕ ಕೊಡಬಾರದು. ಅವನ ಕೈಯಲ್ಲಿ ಇನ್ನೊಬ್ಬರಿಗೆ ಕಳಿಸಬೇಕು. ರಜೆ ಮುಗಿಸಿ ಬೀದರದಿಂದ ಔರಾದಿಗೆ ಹೊರಟ ಹುಡುಗನಿಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತೇನೆ: ‘ಇದು ಸಂತಪುರದ ನನ್ನ ದೋಸ್ತನ ಮಗಂದು. ನೀ ಓದಬ್ಯಾಡ, ಬರೀ ಮುಟ್ಟಿಸು.’ ಜನವಾಡ ದಾಟುವವರೆಗೆ ರಟ್ಟು ನೋಡುತ್ತಾನೆ. ಕೌಠಾ ಬಳಿ ಮಾಂಜ್ರಾ ಸೇತುವೆಗೆ ಬಂದಾಗ ಎಲ್ಲರೂ ನದಿಯಲ್ಲಿ ನೀರು ಎಷ್ಟಿದೆ ಎಂದು ಕಿಟಕಿಗೆ ಬಾಗಿದರೆ ಇವನು ಮೊದಲ ಪುಟಕ್ಕೆ ಬಾಗಿರುತ್ತಾನೆ. ಸಂತಪುರದಲ್ಲಿ ಇಳಿದು ಕೊಡಬೇಕಾದದ್ದು ಹೇಗೋ ಮರೆತು ಔರಾದಿಗೇ ಹೋಗುತ್ತದೆ.

ಇದಕ್ಕೂ ಶಿಸ್ತುಗಳಿವೆ. ಪುಸ್ತಕಕ್ಕೆ ಪೇಪರ್ ಸುತ್ತಬಾರದು, ರಟ್ಟು ಕಾಣಬೇಕು. ಹೊಸದಿರಬಾರದು, ಹೊಸದಾದರೆ ಹುಡುಗ ಹೆದರಿ ಮುಟ್ಟುವುದಿಲ್ಲ. ಮೊದಲ ಅಧ್ಯಾಯ ಸಣ್ಣದಿರಬೇಕು. ಮೂವತ್ತನೇ ಪುಟದ ಆಸುಪಾಸು ಹಳೆಯ ಬಸ್ ಟಿಕೆಟ್ ಇಟ್ಟಿರುತ್ತೇನೆ. ಪುಸ್ತಕ ತಿರುಗಿ ಬಂದಾಗ ಟಿಕೆಟ್ ಇಟ್ಟಲ್ಲೇ ಇದ್ದರೆ ಆ ಹುಡುಗನಿಗೆ ಬೇರೆ ಔಷಧ. ಸರಿದಿದ್ದರೆ, ಕಾಣೆಯಾಗಿದ್ದರೆ, ಅದರ ಜಾಗದಲ್ಲಿ ಹುಣಸೆ ಎಲೆ ಕಂಡರೆ, ಆ ದಿನ ನನ್ನ ನಡಿಗೆಯೇ ಬೇರೆ. ಸಂತಪುರದ ದೋಸ್ತನ ಮಗನೂ ಈ ಸಂಚಿನಲ್ಲಿ ಪಾಲುದಾರ. ವಾರ ಬಿಟ್ಟು ಫೋನ್ ಮಾಡಿ ‘ನನ್ನ ಪುಸ್ತಕ ಎಲ್ಲೋ?’ ಎಂದು ಗದರಿಸುತ್ತಾನೆ. ಆಗ ಉಳಿದ ನೂರು ಪುಟ ಒಂದೇ ರಾತ್ರಿಗೆ ಮುಗಿಯುತ್ತವೆ. ಭಾಲ್ಕಿಗೆ ರೈಲಿನಲ್ಲಿ ಕಳಿಸಿಯೂ ನೋಡಿದ್ದೇನೆ, ಅಷ್ಟು ಫಲ ಇಲ್ಲ. ಖಾನಾಪುರ, ಹಲಬರ್ಗಾ ಬರುವಷ್ಟರಲ್ಲಿ ಡಬ್ಬಿಯಲ್ಲಿ ಶೇಂಗಾ, ಚಹಾ, ಗೆಳೆಯರು. ಬಸ್ಸೇ ಮೇಲು, ನಿಂತವರ ಮೊಣಕೈ ಬಿಟ್ಟರೆ ಅಲ್ಲಿ ಬೇರೆ ಮನರಂಜನೆ ಇಲ್ಲ.

ಇದು ಮಕ್ಕಳಿಗೆ ಮಾಡುವ ಮೋಸ ಎನ್ನುವ ಸ್ನೇಹಿತರಿದ್ದಾರೆ. ಬೀದರ ಜಿಲ್ಲೆಯಲ್ಲಿ ನಿಂತು ಹಾಗೆನ್ನಬಾರದು. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹೊರಗೊಂದು ತೋರಿಸಿ ಒಳಗೊಂದು ಓದಿಸುವುದು ನಮಗೆ ಪರಂಪರೆಯಿಂದ ಬಂದದ್ದು. 1948ರಲ್ಲಿ ನಿಜಾಮಶಾಹಿ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಬೋರ್ಡು ಕನ್ನಡದ್ದೇ ಆಯಿತು. ಒಳಗೆ ಏನು ನಡೆದಿದೆ ಎಂದು ಮಾತ್ರ ಕೇಳಬೇಡಿ.

ಕೇಳಿದರೆ ಹೇಳುತ್ತೇನೆ. ಒಂದು ಶಾಲೆಯಲ್ಲಿ ಕಾದಂಬರಿಯ ಜೊತೆಗೆ ಒಂದು ಹಾಳೆ ಕೊಡುತ್ತಾರೆ. ಕೃತಿಯ ಹೆಸರು, ಲೇಖಕರು, ಮುಖ್ಯ ಪಾತ್ರಗಳು, ಸಾರಾಂಶ, ಕೃತಿಯಿಂದ ಕಲಿತ ನೀತಿ, ಪೋಷಕರ ಸಹಿ. ‘ಕರ್ವಾಲೊ’ ಓದಿದ ಹುಡುಗ ನೀತಿಯ ಜಾಗದಲ್ಲಿ ‘ಓತಿಗಳನ್ನು ರಕ್ಷಿಸಬೇಕು’ ಎಂದು ಬರೆದಿದ್ದ. ಅದಕ್ಕೆ ಕೆಂಪು ಶಾಯಿಯ ರೈಟ್ ಮಾರ್ಕು. ನಾನು ನಕ್ಕೆ, ಆಮೇಲೆ ನಗು ಬರಲಿಲ್ಲ. ಆ ಹುಡುಗ ಇನ್ನು ಮುಂದೆ ಕಾದಂಬರಿ ಓದುವಾಗ ಒಂದು ಕಣ್ಣು ಕತೆಯ ಮೇಲೆ, ಇನ್ನೊಂದು ಕಣ್ಣು ನೀತಿಯ ಹುಡುಕಾಟದಲ್ಲಿ. ಇಷ್ಟೆಲ್ಲ ಮಾಡುವ ಬದಲು ಪುಸ್ತಕ ಬೀಗದೊಳಗೇ ಇದ್ದರೆ ಲೇಸು.

ಇದ್ದೂ ಇವೆ, ಆ ಮಾತು ಬೇರೆ. ಬಹುಪಾಲು ಶಾಲೆಗಳಲ್ಲಿ ಕಪಾಟು ಇದೆ, ಕಪಾಟಿನಲ್ಲಿ ಒಳ್ಳೊಳ್ಳೆಯ ಪುಸ್ತಕಗಳಿವೆ, ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿದೆ. ಅವರನ್ನು ಬೈದು ಫಲವಿಲ್ಲ. ಪ್ರತಿ ಪುಸ್ತಕವೂ ಸ್ಟಾಕ್ ರಿಜಿಸ್ಟರಿನಲ್ಲಿ ನಂಬರು ಹಾಕಿಸಿಕೊಂಡು ಕೂತಿರುತ್ತದೆ. ವರ್ಗವಾಗಿ ಚಾರ್ಜ್ ಕೊಡುವ ದಿನ ಒಂದು ಕಡಿಮೆ ಬಿದ್ದರೂ ಹೊಣೆ ಅವರದು. ಹುಡುಗರು ಓದಿದರೆ ಪುಸ್ತಕ ಸವೆಯುತ್ತದೆ, ಹರಿಯುತ್ತದೆ, ಕಳೆಯುತ್ತದೆ. ಓದದಿದ್ದರೆ ಲೆಕ್ಕ ಸರಿಯಾಗಿರುತ್ತದೆ. ಗಣಿತದವನಾಗಿ ನನಗೆ ಈ ಲೆಕ್ಕ ಅರ್ಥವಾಗುತ್ತದೆ, ಅದೇ ಸಂಕಟ. ಮಹಮೂದ್ ಗವಾನನ ಮದರಸಾದಲ್ಲಿ 3000 ಹಸ್ತಪ್ರತಿಗಳು ಇದ್ದವೆಂದು ಹೇಳುತ್ತಾರೆ. 1696ರಲ್ಲಿ ಮದ್ದುಗುಂಡು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಅಲ್ಲಿಯೂ ಯಾರೋ ಒಬ್ಬರು ರಿಜಿಸ್ಟರ್ ಹಿಡಿದು ಕೂತಿದ್ದರೆ ಅವರ ಗತಿ ಏನಾಗಿರಬೇಡ.

ನಿಜವಾದ ಸಿಟ್ಟು ಬರುವುದು ಇನ್ನೊಂದು ಮಾತಿಗೆ. ‘ಸರ್, ಈ ಮಕ್ಕಳಿಗೆ ಮೊದಲು ಕನ್ನಡ ಸರಿಯಾಗಿ ಬರಲಿ, ಕಾದಂಬರಿ ಆಮೇಲೆ.’ ಹೇಳುವವರು ಸಾಮಾನ್ಯವಾಗಿ ದಕ್ಷಿಣದ ಕಡೆಯಿಂದ ಬಂದವರು, ಒಮ್ಮೊಮ್ಮೆ ನಮ್ಮವರೇ. ಔರಾದಿನ ಒಂದು ಕ್ಲಾಸಿನಲ್ಲಿ ಮನೆಯಲ್ಲಿ ಮರಾಠಿ ಆಡುವವರಿದ್ದಾರೆ, ದಖನಿ ಆಡುವವರಿದ್ದಾರೆ, ಲಂಬಾಣಿ ಆಡುವವರಿದ್ದಾರೆ. ಕನ್ನಡದವರು ಆಡುವ ‘ಹೋಗ್ಲತ್ತೀನಿ, ಬರ್ಲತ್ತೀನಿ’ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮೂರನೇ ಭಾಷೆಯಲ್ಲಿ ಇನ್ನೂರು ಪುಟ ಓದಲು ಹೊರಟ ಹುಡುಗನನ್ನು ನಿಲ್ಲಿಸಿ, ದಪ್ಪಕ್ಷರದ, ಹದಿನಾರು ಪುಟದ, ಮೊಲ-ಆಮೆಯ ಪುಸ್ತಕ ಕೈಗಿಡುತ್ತಾರೆ. ಹನ್ನೆರಡು ವರ್ಷದವನಿಗೆ ಮೊಲ! ಅವನು ಹೊಲದಲ್ಲಿ ಎತ್ತು ಹೂಡುತ್ತಾನೆ, ಸೋಯಾ ರಾಶಿಗೆ ನಿಲ್ಲುತ್ತಾನೆ, ಉದಗೀರಕ್ಕೆ ಒಬ್ಬನೇ ಹೋಗಿ ಬರುತ್ತಾನೆ. ಅವನಿಗೆ ಅರ್ಥವಾಗದ ಪದ ನಾಲ್ಕಿದ್ದರೆ ಇರಲಿ. ಹಾರಿಸಿ ಓದುತ್ತಾನೆ. ಎಲ್ಲ ಓದುಗರೂ ಹಾರಿಸಿಯೇ ಓದುವುದು. ಪಂಡಿತರು ಒಪ್ಪಿಕೊಳ್ಳುವುದಿಲ್ಲ, ಅಷ್ಟೆ.

ಭಾಲ್ಕಿಯ ಒಬ್ಬ ಆರನೇ ಕ್ಲಾಸಿನವನಿಗೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೊಟ್ಟಿದ್ದೆ. ಶರಾವತಿ ಎಲ್ಲಿ, ಭಾಲ್ಕಿ ಎಲ್ಲಿ! ಅವನು ಓದಿ ಬಂದು ಹೇಳಿದ್ದು ಒಂದೇ ಮಾತು: ‘ನಮ್ಮ ಅಜ್ಜಂದು ಹೊಲ ಕಾರಂಜಾದಾಗ ಹೋಗ್ಯಾದ ರೀ.’ ಕಾರಂಜಾ ಜಲಾಶಯದ ಮುಳುಗಡೆ ಅವನ ಮನೆಯಲ್ಲಿ ದಿನಾ ಊಟದ ಹೊತ್ತಿನ ಮಾತು. ಪರಿಹಾರದ ಹೋರಾಟ ಅವನ ಅಪ್ಪನಿಗಿಂತ ಹಳೆಯದು. ಆ ಪುಸ್ತಕಕ್ಕೆ 2011ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂದಿದೆ ಎಂಬುದು ಅವನಿಗೆ ಬೇಕಾಗಿರಲಿಲ್ಲ. ಇದೇ ಪುರಸ್ಕಾರ ಪಡೆದ ಬಸು ಬೇವಿನಗಿಡದರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಇವನ್ನೂ ಬಸ್ಸಿಗೆ ಹತ್ತಿಸಿದ್ದೇನೆ. ಮೊದಲನೆಯದರ ಹೆಸರೇ ಸಾಕು, ನನ್ನ ಯುಕ್ತಿಯೂ ಬೇಡ. ಔರಾದಿನ ಒಬ್ಬ ತಂದೆ ಮಾತ್ರ ಆ ಹೆಸರು ನೋಡಿ ಪುಸ್ತಕ ಕಸಿದಿಟ್ಟುಕೊಂಡರು. ಒಂದು ವಾರ ಬಿಟ್ಟು ತಾವೇ ಓದಿ ಮುಗಿಸಿ ಹಿಂತಿರುಗಿಸಿದರು. ಟಿಕೆಟ್ ಸರಿದಿತ್ತು.

ಆದರೂ ಒಂದು ಕೊರತೆ ನನ್ನನ್ನು ಕೊರೆಯುತ್ತದೆ. ಔರಾದಿನ ಮರಾಠಿ ಹುಡುಗರ ಮನೆಗಳಲ್ಲಿ ‘ಫಾಸ್ಟರ್ ಫೆಣೆ’ ಇರುತ್ತಾನೆ. ಭಾ. ರಾ. ಭಾಗವತರು ಸೃಷ್ಟಿಸಿದ ಫುರಸುಂಗಿಯ ಬಡಕಲು ಹುಡುಗ, ನಾಲಿಗೆಯಿಂದ ‘ಟ್ಟಾಕ್’ ಎಂದು ಸದ್ದು ಮಾಡುತ್ತ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಸೈಕಲ್ ತುಳಿಯುವವನು. ಬೀದರದ ಚೌಬಾರದ ಸುತ್ತಮುತ್ತ ಕೂರುವ ಹಿರಿಯರಿಗೆ ಇಬ್ನೆ ಸಫಿಯ ಇಮ್ರಾನ್ ಇದ್ದಾನೆ. 1955ರಲ್ಲಿ ಶುರುವಾದ ಆ ಸರಣಿಯ ಕತೆಗಳನ್ನು ಮಗನ ಮದುವೆಯ ತಾರೀಖಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡ ಚಾಚಾ ಒಬ್ಬರು ನನ್ನ ಗೆಳೆಯರು. ಇಮ್ರಾನ್ ಚ್ಯೂಯಿಂಗ್ ಗಮ್ ಜಗಿಯುವುದನ್ನು ಅವರು ಹಲ್ಲಿಲ್ಲದ ಬಾಯಲ್ಲಿ ಅಭಿನಯಿಸಿ ತೋರಿಸುತ್ತಾರೆ. ಕನ್ನಡದಲ್ಲಿ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ನಮ್ಮನ್ನು ಓದುಗರನ್ನಾಗಿ ಮಾಡಿದ, ಆ ಉಪಕಾರ ಮರೆಯಲಾರೆ. ಆದರೆ ಅವನು ದೊಡ್ಡವರವನು. ಬಾಲಮಂಗಳದ ಡಿಂಗ ಚಿತ್ರಕತೆಯವನು. ಹನ್ನೆರಡು ವರ್ಷದ, ಪುಸ್ತಕದ ಮೇಲೆ ಪುಸ್ತಕ ಬರುವ, ಇಡೀ ನಾಡಿನ ಮಕ್ಕಳ ಬಾಯಲ್ಲಿರುವ ಕಾದಂಬರಿಯ ಹುಡುಗನೋ ಹುಡುಗಿಯೋ ನನಗೆ ಕಾಣಿಸುತ್ತಿಲ್ಲ. ಬಂದರೂ ಮಲೆನಾಡಿನಲ್ಲೇ ಹುಟ್ಟುತ್ತಾರೆಂದು ನನಗೆ ಅನುಮಾನ. ಮಳೆ ಬಿದ್ದರೇನೇ ಕನ್ನಡ ಕಾದಂಬರಿ ಮೊಳೆಯುತ್ತದೆ ಎಂದು ಯಾರು ಹೇಳಿದರು?

ನಮ್ಮಲ್ಲಿ ಏನು ಕಡಿಮೆ? ನೌಬಾದಿನಲ್ಲಿ ಕರೇಜ್ ಇದೆ. ಬಹಮನಿಗಳ ಕಾಲದಲ್ಲಿ ನೆಲದಡಿ ಕೊರೆದ ನೀರಿನ ಸುರಂಗ, ಮೇಲೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ನಾ. ಕಸ್ತೂರಿಯವರು ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ ಮಾಡಿ ಇಳಿಸಿದರಲ್ಲ, ನಮ್ಮ ಪಾತಾಳ ತಯಾರಾಗಿಯೇ ಇದೆ. ಮೂವರು ಮಕ್ಕಳು ಇಳಿಯಲಿ: ಔರಾದಿನ ಮರಾಠಿ ಹುಡುಗ, ಓಲ್ಡ್ ಸಿಟಿಯ ದಖನಿ ಹುಡುಗಿ, ಭಾಲ್ಕಿಯ ರೈಲ್ವೆ ಗ್ಯಾಂಗ್‌ಮನ್ನನ ಮಗಳು. ಬಿದರಿ ಪಾತ್ರೆಗೆ ಕಪ್ಪು ಬಣ್ಣ ಕೊಡುವುದು ಕೋಟೆಯ ಹಳೆಯ ಮಣ್ಣು. ಒಂದು ದಿನ ಆ ಮಣ್ಣೇ ರಾತ್ರೋರಾತ್ರಿ ಕಳುವಾಗಲಿ. ಕಳ್ಳ ಕರೇಜಿನಲ್ಲಿ ಅಡಗಿರಲಿ. ವಾಯುಪಡೆಯ ತರಬೇತಿ ವಿಮಾನಗಳು ತಲೆ ಮೇಲೆ ಕಿರುಚುವಾಗಲೆಲ್ಲ ಮುಖ್ಯವಾದ ಮಾತು ಕೇಳಿಸದೇ ಹೋಗಲಿ! ಎಂಥ ಸೌಲಭ್ಯ ಕಾದಂಬರಿಕಾರನಿಗೆ.

ಈ ಕತೆಯನ್ನು ಔರಾದಿನ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಕೂಡಲೇ ಕರಾರುಗಳು ಬಂದವು. ಕಳ್ಳ ಸಿಗಲೇಬೇಕು, ಓತಿಯ ಹಾಗೆ ಮಾಡಬಾರದು. ಬುದ್ಧಿ ಹೇಳುವ ಅಜ್ಜ ಇರಕೂಡದು. ಭಾಲ್ಕಿಯವಳೇ ಯಾಕೆ ಎಲ್ಲ ಕಂಡುಹಿಡಿಯಬೇಕು, ಔರಾದಿನಲ್ಲಿ ಹುಡುಗಿಯರಿಲ್ಲವೇ? ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದಳು: ‘ಯಾರ್ ಬರೀತಾರ್ರಿ ಇದು?’

ನೋಡೋಣ, ನಾನೇ ಕೂತರೂ ಕೂತೇನು ಎಂದೆ.

‘ನೀವ್ ಬ್ಯಾಡ್ರಿ ಕಾಕಾ. ನೀವು ನಡುವ ಸುರಂಗದ ಉದ್ದ ಎಷ್ಟು ಅಂತ ಲೆಕ್ಕ ಕೊಡ್ತೀರಿ.’