ಮೊದಲ ವರ್ಷದ ಗಾಡಿ

ಮೈಸೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 60 ಕಿಲೋಮೀಟರು. ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ದಾಟಿ, ಮೂಗೂರನ್ನು ಹಾದು, ಗದ್ದೆ ತೋಟಗಳ ನಡುವೆ ಬಸ್ಸು ಸಾಗುವಾಗ ಪ್ರಯಾಣದ ಆಯಾಸವೇ ತೋರುವುದಿಲ್ಲ. ಆದರೆ ಈ ಊರಿಗೆ ರೈಲು ಇಂದಿಗೂ ಬಂದಿಲ್ಲ. ಆದುದರಿಂದ ಇಲ್ಲಿಯ ಗೃಹಸ್ಥನಿಗೆ ಮೋಟಾರೆಂಬುದು ಬರಿಯ ಭೋಗದ ವಸ್ತುವಲ್ಲ. ದೊಡ್ಡ ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ದೇವರ ಬೆಟ್ಟಕ್ಕೆ ಎಲ್ಲಿಗೆ ಹೊರಟರೂ ನಾಲ್ಕು ಚಕ್ರಗಳೇ ಗತಿ. ಕಳೆದ ಭಾದ್ರಪದದಲ್ಲಿ ನಾನು ಅಲ್ಲಿಗೆ ಹೋದುದು ಇಂತಹ ಚಕ್ರದ ವಿಚಾರವಾಗಿಯೇ.

ನನ್ನ ಭಾವಮೈದುನನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ವ್ಯಾಪಾರಿ. ಹದಿನಾಲ್ಕು ವರ್ಷ ದುಡಿದ ಹಳೆಯ ಕಾರನ್ನು ಯುಗಾದಿಯಲ್ಲಿ ಮಾರಿ, ಅದೇ ವರ್ಷ ಹೊರಬಂದಿದ್ದ ಹೊಸ ಮಾದರಿಯೊಂದಕ್ಕೆ ಮುಂಗಡ ಕೊಟ್ಟಿದ್ದನು. ಆ ತಿಂಗಳ ಕೊನೆಯೊಳಗಾಗಿ ನಿಶ್ಚಯ ಹೇಳಿದರೆ ಆರಂಭದ ಬೆಲೆ. ತಡವಾದರೆ 60,000 ರೂಪಾಯಿ ಹೆಚ್ಚು. ಅಷ್ಟರಲ್ಲಿ ನಾಲ್ವರು ನಾಲ್ಕು ಬಗೆಯಾಗಿ ಮಾತನಾಡಿ ಅವನ ನಿದ್ರೆ ಕೆಡಿಸಿದ್ದರು. “ಮೊದಲ ವರ್ಷದ ಗಾಡಿಯನ್ನು ಕೊಳ್ಳಬಾರದು” ಎಂದು ಒಬ್ಬರು, “ಎಲ್ಲರೂ ಹಾಗೆಯೇ ಎಂದರೆ ಎರಡನೆಯ ವರ್ಷ ಬರುವುದಾದರೂ ಹೇಗೆ?” ಎಂದು ಮತ್ತೊಬ್ಬರು. “ಭಾವ, ನೀವು ಬಂದು ಒಂದು ಮಾತು ಹೇಳಿ” ಎಂದು ನನಗೆ ಕರೆ ಬಂದಿತು. ಮೋಟಾರಿನ ವಿಷಯದಲ್ಲಿ ನನ್ನ ವಿದ್ಯೆಯೆಲ್ಲ ಬಾಗಿಲು ತೆಗೆದು ಕುಳಿತುಕೊಳ್ಳುವುದರಲ್ಲಿಯೇ ಮುಗಿಯುತ್ತದೆ. ಆದರೂ ಹಿರಿಯ ಅಳಿಯನೆಂಬ ಗೌರವಕ್ಕೆ ಹೊರಟೆನು.

ಮನೆಗೆ ಹೋದ ಮೇಲೆ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಅತ್ತೆಗೆ 78 ವರ್ಷ. ಮಲೆಯ ಮಹದೇಶ್ವರನಿಗೆ ಅವರದೊಂದು ಹರಕೆ ಮೂರು ವರ್ಷಗಳಿಂದ ಬಾಕಿ. ಮೊಣಕಾಲು ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರರು. “ಹೊಸ ಕಾರು ಬರಲಿ, ಅವ್ವಾ, ದೀಪಾವಳಿಗೆ ನಮ್ಮ ಗಾಡಿಯಲ್ಲಿಯೇ ಬೆಟ್ಟಕ್ಕೆ ಹೋಗೋಣ” ಎಂದು ಮಗನು ಮಾತು ಕೊಟ್ಟುಬಿಟ್ಟಿದ್ದನು. ಆದುದರಿಂದ ಒಂದು ವರ್ಷ ಕಾಯುವುದೆಂದರೆ ಹಣದ ಲೆಕ್ಕವೊಂದೇ ಆಗಿರಲಿಲ್ಲ. ಕಾರು ಕಾದೀತು, ಮೊಣಕಾಲು ಕಾದೀತೇ?

ಅಂದು ಸಾಯಂಕಾಲ ಅವನ ಜೊತೆಯಲ್ಲಿ ಮಗ್ಗದ ಮನೆಯೊಂದಕ್ಕೆ ಹೋದೆನು. ಕೊಳ್ಳೇಗಾಲದ ಬೀದಿಗಳಲ್ಲಿ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಅದೇ ಜೋಗುಳ. ವೃದ್ಧ ನೇಕಾರರೊಬ್ಬರು ಹೊಸ ವಿನ್ಯಾಸದ ಸೀರೆಯನ್ನು ಮಗ್ಗಕ್ಕೆ ಏರಿಸಿದ್ದರು. ಮೇಲೆ ಜಕಾರ್ಡಿನ ತೂತು ಹೊಡೆದ ಅಟ್ಟೆಗಳು ಮಾಲೆಯಾಗಿ ತೂಗುತ್ತಿದ್ದುವು. ಗೇಣಷ್ಟು ನೇಯ್ದು, ಲಾಳಿಯನ್ನು ನಿಲ್ಲಿಸಿ, ಕನ್ನಡಕವನ್ನೇರಿಸಿ ಅಂಚನ್ನು ಪರೀಕ್ಷಿಸಿದರು. ಹೂವಿನ ಒಂದು ಎಸಳು ಮುರಿದಿತ್ತು. “ಅಟ್ಟೆಯಲ್ಲಿ ಒಂದು ತೂತು ತಪ್ಪಿದೆ, ಸ್ವಾಮಿ. ಬರೆದವನಿಗೆ ಕಾಣುವುದಿಲ್ಲ, ಹೊಡೆದವನಿಗೂ ಕಾಣುವುದಿಲ್ಲ; ನೇಯ್ದ ಮೇಲೆಯೇ ಕಾಣುವುದು. ಹೊಸ ವಿನ್ಯಾಸದ ಮೊದಲ ಸೀರೆಯನ್ನು ನಾನು ಮದುವೆಯ ಮನೆಗೆ ಕೊಡುವುದಿಲ್ಲ” ಎಂದರು. ಭಾವಮೈದುನನು ನನ್ನ ಮುಖ ನೋಡಿದನು. ನಾನು ಮಗ್ಗವನ್ನು ನೋಡಿದೆನು.

ಮರುದಿನ ಬೆಳಿಗ್ಗೆ ಯಳಂದೂರಿಗೆ ಹೊರಟೆವು. ರಾಜ್ಯ ಸಾರಿಗೆಯ ವರ್ಕ್‌ಷಾಪಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಬಂಧುವೊಬ್ಬರು ಅಲ್ಲಿರುವರು. ಅವರ ಅಭಿಪ್ರಾಯವನ್ನು ಕೇಳಬೇಕೆಂದು ನಮ್ಮ ಉದ್ದೇಶ. ದಾರಿ ಸುಮಾರು 17 ಕಿಲೋಮೀಟರು. ನಡುವೆ ಅಗರ, ಮಾಂಬಳ್ಳಿ. ಇಷ್ಟು ಹತ್ತಿರದ ಎರಡು ಊರುಗಳು ಒಂದಾನೊಂದು ಕಾಲದಲ್ಲಿ ಎರಡು ಸರ್ಕಾರಗಳಿಗೆ ಸೇರಿದ್ದುವೆಂದರೆ ಇಂದಿನ ಮಕ್ಕಳು ನಂಬಲಾರರು. ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು. 1997ರಿಂದ ಎರಡೂ ಚಾಮರಾಜನಗರ ಜಿಲ್ಲೆಯಲ್ಲಿವೆ.

ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡಿಕೊಂಡು ಬಂಧುಗಳ ಮನೆಗೆ ಹೋದೆವು. ಒಂದೇ ಕಲ್ಲಿನಲ್ಲಿ ಬಳೆಗಳನ್ನು ಕೋದಂತೆ ಕಡೆದ ಆ ಶಿಲ್ಪಿಗೆ ಎರಡನೆಯ ಮಾದರಿಯ ಅವಕಾಶವಿರಲಿಲ್ಲ. ಉಳಿ ತಪ್ಪಿದ್ದರೆ ಕಲ್ಲೇ ಹೋಗುತ್ತಿತ್ತು. ಕಾರು ಮಾಡುವವರ ಸ್ಥಿತಿ ಹಾಗಲ್ಲವೆಂಬುದನ್ನು ಬಂಧುಗಳು ಕಾಫಿ ಕುಡಿಯುತ್ತ ವಿವರಿಸಿದರು.

“ಕಂಪನಿಯವರು ಪರೀಕ್ಷೆ ಮಾಡದೆ ಗಾಡಿಯನ್ನು ಬಿಡುವುದಿಲ್ಲ. ಬಿಸಿಲಿನಲ್ಲಿ, ಮಂಜಿನಲ್ಲಿ, ಘಾಟಿಯಲ್ಲಿ ಓಡಿಸಿಯೇ ಇರುತ್ತಾರೆ. ಆದರೆ ಪರೀಕ್ಷೆಗೆ ಓಡುವುವು ಕೆಲವೇ ಗಾಡಿಗಳು, ಮಾರಾಟವಾಗುವುವು ಸಾವಿರಾರು. ಹೊಸ ಅಚ್ಚಿನಲ್ಲಿ ಎರಕವಾದ ಭಾಗಗಳು, ಹೊಸದಾಗಿ ಕೈ ಪಳಗಬೇಕಾದ ಕೆಲಸಗಾರರು, ಹೊಸ ತಂತಿಗಳ ಜೋಡಣೆ. ಮೊದಲ ಮಳೆಗಾಲ ಮೊದಲ ಬೇಸಗೆ ಕಳೆಯುವಷ್ಟರಲ್ಲಿ ದೂರುಗಳು ಬರುತ್ತವೆ. ಅವರು ಒಂದೊಂದನ್ನೇ ಸದ್ದಿಲ್ಲದೆ ತಿದ್ದುತ್ತ ಹೋಗುತ್ತಾರೆ. ಹದಿನೆಂಟನೆಯ ತಿಂಗಳಲ್ಲಿ ಬರುವ ಗಾಡಿಗೆ ಹೆಸರು ಅದೇ, ಒಳಗಿನ ಸಣ್ಣಪುಟ್ಟ ಭಾಗಗಳು ಬೇರೆ.”

“ಹಾಗಾದರೆ ಹೊಸದೆಲ್ಲ ಕೆಟ್ಟದೇ?” ಎಂದು ನಾನು ಕೇಳಿದೆನು.

“ಅಲ್ಲ. ಯಾವುದು ಹೊಸದೆಂದು ನೋಡಬೇಕು. ನಮ್ಮ ಮೈಸೂರಿನಲ್ಲಿ 1961ರಲ್ಲಿ ಜಾವಾ ಮೋಟಾರ್ ಸೈಕಲ್ಲು ಹೊರಟಿತಲ್ಲವೆ? ಕಾರ್ಖಾನೆ ಹೊಸದು, ಆದರೆ ಗಾಡಿ ಚೆಕೊಸ್ಲೊವಾಕಿಯದಲ್ಲಿ ಆಗಲೇ ಓಡಿ ಪಳಗಿದ್ದುದು. 1983ರ ಮಾರುತಿಯೂ ಹಾಗೆಯೇ; ಜಪಾನಿನಲ್ಲಿ ಸುಜುಕಿಯವರು ಮಾಡಿ ನೋಡಿದ್ದ ಕಾರು. ದಿಲ್ಲಿಯಲ್ಲಿ ಇಂದಿರಾ ಗಾಂಧಿಯವರ ಕೈಯಿಂದ ಅದರ ಮೊದಲ ಕೀಲಿಯನ್ನು ಪಡೆದವರು 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಅದೇ 2009ರ ನ್ಯಾನೋ ಬುಡದಿಂದ ತುದಿಯವರೆಗೆ ಹೊಸದು. ಕೆಲವು ಕಾರುಗಳಿಗೆ ಬೆಂಕಿ ತಗುಲಿ, ಮರುವರ್ಷವೇ ಕಂಪನಿಯು ಬಿಟ್ಟಿಯಾಗಿ ಹೆಚ್ಚಿನ ರಕ್ಷಣೆಯ ಭಾಗಗಳನ್ನು ಜೋಡಿಸಿಕೊಡಬೇಕಾಯಿತು. ಬೆಂಗಳೂರಿನ ರೇವಾ ಎಂಬ ವಿದ್ಯುತ್ತಿನ ಕಾರು 2001ರಲ್ಲಿ ಬಂದಾಗ ಅದರಲ್ಲಿದ್ದುದು ಸೀಸದ ಬ್ಯಾಟರಿ. 2009ರಲ್ಲಿ ಲಿಥಿಯಂ ಬ್ಯಾಟರಿಯ ಮಾದರಿ ಬಂದಿತು. ಮೊದಲು ಕೊಂಡವರ ಧೈರ್ಯದಿಂದ ಹಿಂದೆ ಕೊಂಡವರಿಗೆ ಲಾಭ.”

ಭಾವಮೈದುನನು ಕಾನೂನಿನ ಮಾತೆತ್ತಿದನು. ಅದೂ ನಿಜವೇ. ದೋಷವಿರುವ ಗಾಡಿಗಳನ್ನು ಹಿಂದಕ್ಕೆ ಕರೆಯಿಸಿ ಸರಿಪಡಿಸುವಂತೆ ಆಜ್ಞಾಪಿಸುವ ಅಧಿಕಾರ ಸರ್ಕಾರಕ್ಕೆ 2019ರ ತಿದ್ದುಪಡಿಯಿಂದ ದೊರೆತಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕಂಪನಿಗಳು ತಾವಾಗಿಯೇ ಕರೆಯುವುದೂ ಉಂಟು. ವಿದ್ಯುತ್ ಸ್ಕೂಟರೊಂದು ಪುಣೆಯಲ್ಲಿ ಹೊತ್ತಿಕೊಂಡ ಮೇಲೆ, 2022ರ ಏಪ್ರಿಲಿನಲ್ಲಿ, ಬೆಂಗಳೂರಿನ ಓಲಾ ಕಂಪನಿಯು 1,441 ಸ್ಕೂಟರುಗಳನ್ನು ಪರೀಕ್ಷೆಗೆ ಹಿಂದಕ್ಕೆ ತರಿಸಿತು. ಆ ಮಾದರಿಯ ಗಾಡಿಗಳು ಗಿರಾಕಿಗಳ ಕೈಸೇರತೊಡಗಿ ಆಗಿನ್ನೂ ಐದು ತಿಂಗಳೂ ಆಗಿರಲಿಲ್ಲ. “ಕಾನೂನು ಬಿಟ್ಟಿಯಾಗಿ ಸರಿಪಡಿಸಿಕೊಟ್ಟೀತು, ಗಾಡಿಯಿಲ್ಲದ ದಿವಸಗಳನ್ನು ಕಟ್ಟಿಕೊಡಲಾರದು” ಎಂದರು ಬಂಧುಗಳು.

ಊಟವಾದ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬಂದೆವು. ಕಾಡಿನ ದಾರಿ, 2011ರಿಂದ ಇದು ಹುಲಿ ರಕ್ಷಿತಾರಣ್ಯ. ಸಂಪಿಗೆಯ ನಾಡಾದ ಈ ಬೆಟ್ಟದ ರಂಗನಾಥನಿಗೆ ಭಕ್ತರು ದೊಡ್ಡ ದೊಡ್ಡ ತೊಗಲಿನ ಪಾದರಕ್ಷೆಗಳನ್ನು ಒಪ್ಪಿಸುವರು. ಸ್ವಾಮಿಯು ರಾತ್ರಿ ಅವುಗಳನ್ನು ಮೆಟ್ಟಿಕೊಂಡು ಕಾಡಿನಲ್ಲಿ ಸಂಚರಿಸುವನೆಂದೂ, ಅದರಿಂದಲೇ ಅವು ಸವೆಯುವುವೆಂದೂ ನಂಬಿಕೆ. ಬಂಧುಗಳು ನಗುತ್ತ, “ದೇವರ ಮೆಟ್ಟೇ ಸವೆಯುವ ಬೆಟ್ಟ ಇದು. ಇಲ್ಲಿ ಗಾಡಿ ನಿಂತರೆ ಯಾರನ್ನು ಕೂಗುತ್ತೀಯೆ? ಹಳೆಯ ಮಾದರಿಯಾದರೆ ನಮ್ಮ ಊರಿನ ಹುಡುಗನೂ ಬಿಚ್ಚಿ ಜೋಡಿಸಿಯಾನು. ಹೊಸ ಮಾದರಿಗೆ ಅವನೂ ಹೊಸಬನೇ” ಎಂದರು. ಹೊರಡುವಾಗ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಎಂಜಿನ್ನು ಮತ್ತು ಗೇರು ಬೇರೆ ಮಾದರಿಗಳಲ್ಲಿ ಓಡಿ ಪಳಗಿದುವೇ? ಕಂಪನಿಯ ಸರ್ವಿಸ್ ಮನೆಯಿಂದ ಎಷ್ಟು ದೂರ? ಒಂದು ದೀಪ ಒಡೆದರೆ ಹೊಸದು ಎಷ್ಟು ದಿವಸದಲ್ಲಿ ಬರುವುದು? ಖಾತರಿಯ ಕಾಗದದಲ್ಲಿ ಯಾವ ಯಾವ ಭಾಗಗಳನ್ನು ಕೈಬಿಟ್ಟಿದ್ದಾರೆ?

ರಾತ್ರಿ ಅದನ್ನು ದೀಪದ ಮುಂದೆ ಹಿಡಿದು ಭಾವಮೈದುನನು ಉತ್ತರಗಳನ್ನು ಬರೆದನು. ಎಂಜಿನ್ನು ಪೂರ್ತಿ ಹೊಸದು. ಸರ್ವಿಸ್ ಮೈಸೂರಿನಲ್ಲಿ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅಂಗಡಿಯವರಿಂದ ಸ್ಪಷ್ಟವಾದ ಉತ್ತರವಿರಲಿಲ್ಲ. ಆದರೂ ಅವನ ಮನಸ್ಸು 60,000 ರೂಪಾಯಿಯನ್ನು ಬಿಡಲೊಲ್ಲದು.

ಮೂರನೆಯ ದಿವಸ ಹನೂರಿನ ಸರದಿ. ಅಲ್ಲಿಯ ರೇಷ್ಮೆ ಬೆಳೆಗಾರರೊಬ್ಬರು ಹಿಂದೆ ಬೇರೊಂದು ಕಂಪನಿಯ ಸರಕುಗಾಡಿಯನ್ನು ಅದರ ಮೊದಲ ವರ್ಷದಲ್ಲಿಯೇ ಕೊಂಡಿದ್ದರು. “ನಾನೂ ಬರುತ್ತೇನೆ, ಮನೆಯಲ್ಲಿ ಕುಳಿತು ಕುಳಿತು ಸಾಕಾಗಿದೆ” ಎಂದು ಅತ್ತೆ ಹೊರಟು ನಿಂತರು. ಬಾಡಿಗೆಗೆ ಒಂದು ಹಳೆಯ ಕಾರನ್ನು ಗೊತ್ತುಮಾಡಿದೆವು. ಮೀಟರಿನಲ್ಲಿ ಎರಡು ಲಕ್ಷ ಕಿಲೋಮೀಟರು ದಾಟಿತ್ತು. ಸೀಟಿನ ಬಣ್ಣವಾವುದೆಂದು ಹೇಳುವುದು ಕಷ್ಟ. ಮಧುವನಹಳ್ಳಿ, ಕಾಮಗೆರೆಗಳನ್ನು ಹಾದು ಸುಮಾರು 25 ಕಿಲೋಮೀಟರು ಹೋದರೆ ಹನೂರು. ಕೊಳ್ಳೇಗಾಲದಿಂದ ಬೇರ್ಪಟ್ಟು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾದ ಊರು. ಗದ್ದೆಗಳು ಕಡಮೆಯಾಗಿ ಹೊಲಗಳು ಬರುವುವು. ದೂರದಲ್ಲಿ ಬೆಟ್ಟದ ಸಾಲು ಎದ್ದು ನಿಲ್ಲುವುದು.

ಬೆಳೆಗಾರರು ದೂರನ್ನೂ ಹೇಳಲಿಲ್ಲ, ಹೊಗಳಿಕೆಯನ್ನೂ ಹೇಳಲಿಲ್ಲ, ನಡೆದುದನ್ನು ಹೇಳಿದರು. ಆರನೆಯ ತಿಂಗಳಲ್ಲಿ ಒಂದು ಭಾಗ ಕೆಟ್ಟಿತು. ಕಂಪನಿಯವರು ಕಾಸು ಕೇಳಲಿಲ್ಲ. ಆದರೆ ಆ ಭಾಗವು ಬರುವುದಕ್ಕೆ 23 ದಿವಸ ಹಿಡಿಯಿತು. ಅದೇ ವಾರದಲ್ಲಿ ಗೂಡು ಬಿಡಿಸುವ ಹೊತ್ತು. ರೇಷ್ಮೆಯ ಗೂಡು ಯಾರಿಗೂ ಕಾಯುವುದಿಲ್ಲ. ತಡವಾದರೆ ಚಿಟ್ಟೆ ಒಡೆದು ಹೊರಬರುವುದು, ನೂಲು ಹಾಳು. ದುಪ್ಪಟ್ಟು ಬಾಡಿಗೆ ತೆತ್ತು ರಾಮನಗರದ ಮಾರುಕಟ್ಟೆಗೆ ಸಾಗಿಸಿದರಂತೆ. “ಈಗ ಗಾಡಿ ಚಿನ್ನದ ಹಾಗಿದೆ. ಕೊಳ್ಳಬೇಡಿ ಎಂದು ನಾನು ಹೇಳಲಾರೆ. ಆದರೆ ಮನೆಯಲ್ಲಿ ಇನ್ನೊಂದು ಗಾಡಿಯಿದ್ದರೆ ಕೊಳ್ಳಿ. ಇರುವುದೊಂದೇ ಗಾಡಿಯಾದರೆ ಅದು ಮೊದಲ ವರ್ಷದ್ದಾಗಿರುವುದು ಬೇಡ” ಎಂದರು.

ಮೂರು ದಿವಸಗಳಲ್ಲಿ ಕೇಳಿದ ಮಾತುಗಳ ಸಾರವೆಲ್ಲ ಈ ಒಂದು ಮಾತಿನಲ್ಲಿ ಇದ್ದಿತು. ಆದರೂ ಭಾವಮೈದುನನ ಮುಖ ಬಾಡಿತು. ಹಿತ್ತಲಿನ ಕಟ್ಟೆಯ ಮೇಲೆ ಕುಳಿತಿದ್ದ ತಾಯಿಯ ಬಳಿಗೆ ಹೋಗಿ, “ಅವ್ವಾ, ಕಾರು ಈ ವರ್ಷ ಬೇಡವೆಂದು ತೋರುತ್ತದೆ. ದೀಪಾವಳಿಗೆ ಎಂದು ಹೇಳಿದ್ದೆ...” ಎಂದು ನಿಲ್ಲಿಸಿದನು.

ಅತ್ತೆ ನನ್ನ ಕಡೆಗೆ ತಿರುಗಿ, “ಅಳಿಯಂದಿರೆ, ಇಲ್ಲಿಂದ ಬೆಟ್ಟಕ್ಕೆ ಎಷ್ಟು ದೂರ?” ಎಂದು ಕೇಳಿದರು.

“50 ಕಿಲೋಮೀಟರಿಗೆ ಸ್ವಲ್ಪ ಮೇಲೆ.”

“ಹಾಗಾದರೆ ದೀಪಾವಳಿಯವರೆಗೆ ಏಕೆ? ಈಗಲೇ ಹೋಗೋಣ. ಮಾದಪ್ಪ ಹುಲಿಯ ಮೇಲೆ ಬಂದವನು. ನೀನು ಯಾವ ಗಾಡಿಯಲ್ಲಿ ಬಂದೆ, ಅದು ಯಾವ ವರ್ಷದ್ದು ಎಂದು ನನ್ನನ್ನು ಕೇಳುವನೇ?”

ನಾವು ಮೂರು ದಿವಸಗಳಿಂದ ಎರಡು ಗಂಟುಗಳನ್ನು ಒಂದಾಗಿ ಕಟ್ಟಿಕೊಂಡು ಒದ್ದಾಡುತ್ತಿದ್ದೆವೆಂದು ಆಗ ತಿಳಿಯಿತು. ಹರಕೆಗೆ ಬೇಕಾದುದು ಒಂದು ಗಾಡಿ. ಅದು ಹೊಸದೇ ಆಗಬೇಕೆಂಬುದು ಮಗನ ಆಸೆಯೇ ಹೊರತು ತಾಯಿಯದಲ್ಲ. ಬಹುಶಃ ನಮ್ಮಲ್ಲಿ ಅನೇಕರು ಹೊಸ ವಸ್ತುವನ್ನು ಅವಸರದಲ್ಲಿ ಕೊಳ್ಳುವುದು ಹೀಗೆಯೇ, ಬೇರೊಂದು ಕರ್ತವ್ಯವನ್ನು ಅದರ ಬೆನ್ನಿಗೆ ಕಟ್ಟಿ.

ಡ್ರೈವರನು ಆ ಘಾಟಿಯನ್ನು ವಾರಕ್ಕೆರಡು ಬಾರಿ ಹತ್ತುವವನು. ಕೌದಳ್ಳಿಯನ್ನು ದಾಟಿ, ತಾಳಬೆಟ್ಟದಲ್ಲಿ ಕಾರನ್ನು ಐದು ನಿಮಿಷ ನಿಲ್ಲಿಸಿ, ನೀರನ್ನೂ ಟಯರನ್ನೂ ನೋಡಿ, ಕೈಮುಗಿದು ಹತ್ತಿಸಿದನು. ತಿರುವಿನ ಮೇಲೆ ತಿರುವು. ಕೆಳಗೆ ಕಾಡು, ಮೇಲೆ ಮೋಡ. ಹಳೆಯ ಎಂಜಿನ್ನು ಗೊಣಗುತ್ತ ಗೊಣಗುತ್ತ ಎಲ್ಲಿಯೂ ನಿಲ್ಲದೆ ಏರಿತು. ಪ್ರತಿಯೊಂದು ತಿರುವಿನಲ್ಲಿಯೂ ಅತ್ತೆ ಮೆಲ್ಲಗೆ “ಉಘೇ ಮಾದಪ್ಪ” ಎನ್ನುತ್ತಿದ್ದರು. ಮೇಲೆ ಗುಡಿಯ ಮುಂದೆ ಮಗನ ತೋಳನ್ನು ಹಿಡಿದು ನಿಧಾನವಾಗಿ ನಡೆದು, ಹರಕೆಯ ಹಣವನ್ನು ಹುಂಡಿಗೆ ಹಾಕಿ, ಬಹಳ ಹೊತ್ತು ಕಣ್ಣುಮುಚ್ಚಿ ನಿಂತರು.

ಇಳಿಯುವಾಗ ಕತ್ತಲಾಗಿದ್ದಿತು. ಹನೂರಿನಲ್ಲಿ ಕಾಫಿಗೆ ನಿಂತಾಗ ಭಾವಮೈದುನನು ಅಂಗಡಿಯವರಿಗೆ ಫೋನು ಮಾಡಿ, ಮುಂಗಡವನ್ನು ಹಿಂದಿರುಗಿಸಬೇಕೆಂದೂ ಮುಂದಿನ ವರ್ಷ ಇದೇ ಕಾರನ್ನು ನೋಡಲು ಬರುವೆನೆಂದೂ ಹೇಳಿದನು. 60,000 ರೂಪಾಯಿ ಹೆಚ್ಚಾಗಬಹುದೆಂದು ಅವರು ಮತ್ತೆ ನೆನಪಿಸಿದರಂತೆ. “ಆಗಲಿ, ಅಷ್ಟು ಹೊತ್ತಿಗೆ ನಿಮ್ಮ ಹುಡುಗರಿಗೂ ಕೈ ಪಳಗಿರುತ್ತದೆ” ಎಂದು ಇಟ್ಟುಬಿಟ್ಟನು.

ಕಾರಿನೊಳಗೆ ಅತ್ತೆ ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ನಿದ್ರೆಹೋಗಿದ್ದರು. ಡ್ರೈವರನು ದೀಪ ಹೊತ್ತಿಸಿ, ಕೊಳ್ಳೇಗಾಲದ ಕಡೆಗೆ ಕಾರನ್ನು ಮೆಲ್ಲಗೆ ಬಿಟ್ಟನು.