ನಂಜನಗೂಡಲ್ಲಿ ಅಮ್ಮ, ನರಸೀಪುರದಲ್ಲಿ ಅಪ್ಪ

ತಿಂಗಳಿಗೊಂದು ಶನಿವಾರ ಬೆಂಗಳೂರಿಂದ ಬೆಳಗಿನ ರೈಲು ಹತ್ತಿ ಮೈಸೂರು, ಅಲ್ಲಿಂದ ನಂಜನಗೂಡು. ಆ ರಾತ್ರಿ ಅಮ್ಮನ ಮನೆ. ಭಾನುವಾರ ಬಸ್ಸಲ್ಲಿ ತಿ. ನರಸೀಪುರ, ಅಪ್ಪನ ಮನೆ. ಎರಡು ವರ್ಷದಿಂದ ಇದೇ ನನ್ನ ವೀಕೆಂಡ್ ಟ್ರಿಪ್. ಅವರಿಬ್ಬರೂ ಬೇರೆಯಾದಾಗ ನನಗೆ 28.

"ದೊಡ್ಡೋಳಾಗಿದ್ದೀಯ, ಕೈಯಲ್ಲಿ ಕೆಲಸ ಇದೆ, ನಿಂಗೇನು ತೊಂದರೆ?" ಅಂದರು ನೆಂಟರು. ನಾನೂ ಹಾಗೇ ಅಂದುಕೊಂಡಿದ್ದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು 1976ರಲ್ಲಿ, ಸೆಕ್ಷನ್ 13ಬಿ. ಮಕ್ಕಳು 18ರ ಒಳಗಿದ್ದರೆ ಯಾರ ಹತ್ತಿರ ಇರಬೇಕು ಅನ್ನೋದನ್ನ ಕೋರ್ಟು ನೋಡುತ್ತೆ. 28ರ ಮಗಳನ್ನ ಯಾರೂ ಏನೂ ಕೇಳಲ್ಲ.

ಆದರೆ ಶುಕ್ರವಾರ ರಾತ್ರಿ ಆದರೆ ಸಾಕು, ನಿದ್ದೆ ಬರ್ತಿರಲಿಲ್ಲ. ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ. ಹಳೇ ಆಲ್ಬಂ ತೆಗೆದರೆ, ಈ ಫೋಟೋದಲ್ಲಿ ನಗ್ತಿದ್ದಾರಲ್ಲ, ಆಗಲೂ ಸುಳ್ಳೇನಾ ಅನ್ನಿಸೋದು. ನನಗೆ ಬಂದ ಗಂಡುಗಳನ್ನೆಲ್ಲ ನೋಡದೇ ಬೇಡ ಅಂದೆ.

ಇದರ ಜೊತೆಗೆ ಪೋಸ್ಟ್‌ಮ್ಯಾನ್ ಕೆಲಸ. "ಪುಟ್ಟಿ, ನಿಮ್ಮಪ್ಪಂಗೆ ಹೇಳು, ಎಲ್‌ಐಸಿ ಪೇಪರ್ ಕಳಿಸ್ಲಿ." "ನಿಮ್ಮಮ್ಮಂಗೆ ಹೇಳವ್ವ, ಗ್ಯಾಸ್ ಕನೆಕ್ಷನ್ ಹೆಸರು ಬದಲಾಯಿಸ್ಕೊಳ್ಳಲಿ." ಮಾತಿನ ಖಾರ ತೆಗೆದು, ಸ್ವಲ್ಪ ಬೆಲ್ಲ ಸೇರಿಸಿ ತಲುಪಿಸೋದು ನಾನೇ.

ಒಂದು ರಾತ್ರಿ ತಡೆಯಲಾಗದೆ 14416ಕ್ಕೆ ಫೋನ್ ಮಾಡಿದೆ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ಎಲ್ಲಾ ಕೇಳಿಸಿಕೊಂಡು, "ವಯಸ್ಸಾಯ್ತು ಅಂತ ನೋವಾಗಬಾರದು ಅಂತೇನಿಲ್ಲ. ಆ ಮಾತುಗಳನ್ನ ಹೊತ್ತು ತಿರುಗೋದು ನಿಮ್ಮ ಕೆಲಸನಾ?" ಅಂದರು. ಆಮೇಲೆ ಒಬ್ಬ ಕೌನ್ಸೆಲರ್ ಹತ್ತಿರವೂ ಹೋಗತೊಡಗಿದೆ.

ಆ ಶನಿವಾರ ನಂಜನಗೂಡಲ್ಲಿ ಇಳಿದವಳು ನೇರ ಮನೆಗೆ ಹೋಗದೆ ಕಪಿಲೆಯ ಹಳೇ ಸೇತುವೆ ಕಡೆ ನಡೆದೆ. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಸೇತುವೆ. ಎಷ್ಟೋ ವರ್ಷ ಒಂದೇ ಬೆನ್ನ ಮೇಲೆ ರಸ್ತೆಯನ್ನೂ ರೈಲನ್ನೂ ಹೊತ್ತಿತ್ತು. ಈಗ ರೈಲು ಹೊಸ ಸೇತುವೆ ಮೇಲೆ ಹೋಗುತ್ತೆ. ಕೆಳಗೆ ಹೊಳೆ ಮಾತ್ರ ಹಾಗೇ ಹರೀತಿದೆ. ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಹೋದೆ.

ರಾತ್ರಿ ಊಟಕ್ಕೆ ಕೂತಾಗ ಮತ್ತೆ ಎಲ್‌ಐಸಿ. "ಅಮ್ಮಾ, ನೀನೇ ಒಂದು ಫೋನ್ ಮಾಡು. ನಂಗೆ ಆಗ್ತಿಲ್ಲ," ಅಂದೆ. ಅಮ್ಮ ಸುಮ್ಮನೆ ತಟ್ಟೆ ಎತ್ತಿಕೊಂಡು ಹೋದಳು. ಬೆಳಿಗ್ಗೆ ಮಾತಿಲ್ಲ. ಹೊರಡುವಾಗ ಬ್ಯಾಗಿಗೆ ನಾಲ್ಕು ರಸಬಾಳೆ ಹಾಕಿದಳು. ಯಾರಿಗೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗದ್ದೆ, ಕಬ್ಬು ನೋಡ್ತಾ ಬಸ್ಸಲ್ಲೇ ಎರಡು ತಿಂದೆ.

ನರಸೀಪುರದಲ್ಲಿ ಅಪ್ಪ ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಮೊದಲು ಗುಂಜಾ ನರಸಿಂಹಸ್ವಾಮಿ ದರ್ಶನ. ಸ್ವಾಮಿ ಕೈಯಲ್ಲಿ ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಂಬಿಕೆ. ಎರಡು ವರ್ಷ ನಾನೂ ತೂಗ್ತಾನೇ ಇದ್ದೆ. ಅಪ್ಪನ ತಪ್ಪು ಎಷ್ಟು, ಅಮ್ಮನದೆಷ್ಟು ಅಂತ. ತಕ್ಕಡಿ ಒಂದು ದಿನವೂ ನಿಂತಿಲ್ಲ.

ಆಮೇಲೆ ಸಂಗಮಕ್ಕೆ ಇಳಿದೆವು. ನಂಜನಗೂಡಿನ ಕಪಿಲೆ ಇಲ್ಲಿ ಕಾವೇರಿಗೆ ಸೇರುತ್ತಾಳೆ. ಗುಪ್ತವಾಗಿ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಅಂತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯೋದು ಇಲ್ಲೇ. ಆವತ್ತು ಜನ ಕಮ್ಮಿ. ಮೆಟ್ಟಿಲ ಮೇಲೆ ಕೂತೆವು.

"ನಿಮ್ಮಮ್ಮ ಏನಂದ್ಲು?" ಅಪ್ಪ ಕೇಳಿದರು.

"ನೀವೇ ಕೇಳಿ ಅಪ್ಪ. ಇನ್ನು ಮೇಲೆ ನಾನು ಹೇಳಲ್ಲ."

ಅಪ್ಪ ತುಂಬಾ ಹೊತ್ತು ನೀರನ್ನೇ ನೋಡ್ತಿದ್ದರು. ಆಮೇಲೆ, "ನೀನು ಹೆಂಗಿದ್ದೀಯವ್ವ?" ಅಂದರು. ಎರಡು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರು ಹೀಗೆ ಕೇಳಿದ್ದು ಅದೇ ಮೊದಲು.

"ಚೆನ್ನಾಗಿಲ್ಲ ಅಪ್ಪ," ಅಂದೆ. ನಿದ್ದೆ ಇಲ್ಲದ್ದು, ಕೌನ್ಸೆಲಿಂಗ್, ಎಲ್ಲಾ ಹೇಳಿದೆ. ಅಪ್ಪ ಬುದ್ಧಿವಾದ ಹೇಳಲಿಲ್ಲ. ಉಳಿದಿದ್ದ ಎರಡು ಹಣ್ಣಲ್ಲಿ ಒಂದನ್ನ ಸುಲಿದು ನನ್ನ ಕೈಗಿಟ್ಟರು.

ನಿಮ್ಮನೆಯಲ್ಲೂ ಹೀಗಿದ್ದರೆ, ದೊಡ್ಡೋರಾಗಿದ್ದೀವಿ ಅಂತ ನುಂಗಿಕೊಂಡು ಕೂರಬೇಡಿ. ಯಾರ ಹತ್ತಿರಾನಾದರೂ ಮಾತಾಡಿ. ಒಬ್ಬರ ಮಾತನ್ನ ಇನ್ನೊಬ್ಬರಿಗೆ ತಲುಪಿಸೋ ಕೆಲಸ ಮೊದಲು ಬಿಡಿ.

ಎಲ್‌ಐಸಿ ಪೇಪರ್ ಇನ್ನೂ ಅಪ್ಪನ ಬೀರುವಲ್ಲೇ ಇದೆ. ಮುಂದಿನ ಶನಿವಾರಕ್ಕೆ ಟಿಕೆಟ್ ಬುಕ್ ಮಾಡಿದ್ದೀನಿ.